ಕಬ್ಬನ್ ಪಾರ್ಕ್: ಯಾವ ಗೇಟು, ಯಾವ ಹೊತ್ತು, ಯಾವ ಮರ

ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋಗಿ ಬಂದು 'ಅಲ್ಲೇನಿದೆ ಮಹಾ' ಎನ್ನುವವರಲ್ಲಿ ಹೆಚ್ಚಿನವರು ತಪ್ಪು ಗೇಟಿನಿಂದ, ತಪ್ಪು ಹೊತ್ತಿನಲ್ಲಿ ಒಳಹೊಕ್ಕವರು. ರಜೆಯ ದಿನ ಸಂಜೆ ಐದಕ್ಕೆ ಬಾಲಭವನದ ಕಡೆಯಿಂದ ಕಾಲಿಟ್ಟರೆ ಸಿಗುವುದು ಬಲೂನು, ಪೀಪಿ, ಜನಜಂಗುಳಿ. ಅದೇ ಪಾರ್ಕಿಗೆ ವಾರದ ನಡುವಿನ ದಿನ ಬೆಳಿಗ್ಗೆ ಆರೂವರೆಗೆ ಕೇಂದ್ರ ಗ್ರಂಥಾಲಯದ ಕಡೆಯಿಂದ ಬಂದರೆ ಬಿದಿರು ಮೆಳೆ ಗಾಳಿಗೆ ಕಿರುಗುಟ್ಟುವುದು ಕೇಳುತ್ತದೆ. ಟಿಕೆಟ್ ಇಲ್ಲ, ದಾರಿ ತೋರಿಸುವವರೂ ಇಲ್ಲ. ಹಾಗಾಗಿ ಏನು ನೋಡಬೇಕೆಂದು ಗೊತ್ತಿದ್ದು ಹೋದವರಿಗೆ ಮಾತ್ರ ಇದು ಒಳ್ಳೆಯ ಪಾರ್ಕು. ಲಾಲ್‌ಬಾಗ್ ಹಾಗಲ್ಲ. ಅಲ್ಲಿ ಟಿಕೆಟ್ ಕೊಂಡು ಒಳಗೆ ಹೋದರೆ ಗಾಜಿನ ಮನೆ, ಬಂಡೆ, ಕೆರೆ ಒಂದರ ಹಿಂದೆ ಒಂದು ತಾವೇ ಎದುರಾಗುತ್ತವೆ.

ಮೊದಲು ಅಳತೆಯ ಮಾತು. ಫಲಕ, ಪುಸ್ತಕ ಎಲ್ಲೆಲ್ಲೂ '300 ಎಕರೆ' ಎಂದಿರುತ್ತದೆ. ಆ ಮುನ್ನೂರರಲ್ಲಿ ಹೈಕೋರ್ಟ್, ಮೂರು ಮ್ಯೂಸಿಯಂ, ಟೆನಿಸ್ ಸ್ಟೇಡಿಯಂ, ಸೆಂಚುರಿ ಕ್ಲಬ್, ಪ್ರೆಸ್ ಕ್ಲಬ್, ಬಾಲಭವನ, ಮತ್ಸ್ಯಾಲಯ, ಇವುಗಳ ನಡುವಿನ ಡಾಂಬರು ರಸ್ತೆ, ಎಲ್ಲವೂ ಸೇರಿವೆ. ಮರದ ನೆರಳಲ್ಲಿ ಕಾಲಾಡಿಸಬಹುದಾದ ಜಾಗ ಅದಕ್ಕಿಂತ ಬಹಳ ಕಡಿಮೆ. ಅದೂ ಒಂದೇ ತುಂಡಲ್ಲ, ರಸ್ತೆಗಳು ಸೀಳಿದ ನಾಲ್ಕೈದು ಹೋಳು. ಹೋಳಿನಿಂದ ಹೋಳಿಗೆ ದಾಟುವಾಗ ವಾಹನ ನೋಡಿಕೊಂಡೇ ದಾಟಬೇಕು. ಪಾರ್ಕಿನ ದೊಡ್ಡ ಕೊರತೆ ಇದೇ, ಮತ್ತು ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಪಾರ್ಕು ಹುಟ್ಟಿದ ರೀತಿಯಲ್ಲೇ ಇದರ ಬೇರಿದೆ.

1809ರಲ್ಲಿ ಬ್ರಿಟಿಷರು ದಂಡು ಪ್ರದೇಶ ಕಟ್ಟಿದ ಮೇಲೆ ಬೆಂಗಳೂರು ಎರಡು ಊರಾಯಿತು. ಪಶ್ಚಿಮಕ್ಕೆ ಪೇಟೆ, ಪೂರ್ವಕ್ಕೆ ದಂಡು. ನಡುವೆ ಬಂಡೆ, ಕುರುಚಲು, ಕುಂಟೆಗಳ ಬಯಲು ಉಳಿಯಿತು. ಆ ಬಯಲಲ್ಲಿ ಮೊದಲು ಎದ್ದದ್ದು ಆಡಳಿತದ ಕಟ್ಟಡ, ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್. ಹದಿನೆಂಟು ಇಲಾಖೆಗಳಿಗೆ ಒಂದೇ ಸೂರು ಮಾಡಿದ್ದಕ್ಕೆ ಆ ಹೆಸರು. 1868ರ ಹೊತ್ತಿಗೆ ಕಟ್ಟಡ ಮುಗಿಯಿತು. ಅದರ ಬೆನ್ನಿಗೆ, 1870ರಲ್ಲಿ, ಮೈಸೂರು ರಾಜ್ಯದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಸುಮಾರು 100 ಎಕರೆಯಲ್ಲಿ ಪಾರ್ಕು ಹಾಕಿದರು. ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆಗೆ ಹೆಸರು ಬಂದದ್ದೂ ಇವರಿಂದಲೇ. ಎಂಜಿನಿಯರ್ ಹಾಕಿದ ಪಾರ್ಕಾದ್ದರಿಂದ ಮೊದಲು ರಸ್ತೆ, ಆಮೇಲೆ ಮರ. ಗೆರೆ ಎಳೆದ ಹಾಗೆ ನೇರ ಸಾಲುರಸ್ತೆಗಳು, ಅವುಗಳ ಕೊನೆಗೆ ಕಣ್ಣಿಗೊಂದು ಕಟ್ಟಡ ಅಥವಾ ವಿಗ್ರಹ. ಆಗ ಓಡಾಡುತ್ತಿದ್ದುದು ಕುದುರೆ ಗಾಡಿ. ಅದೇ ರಸ್ತೆಯಲ್ಲಿ ಇಂದು ಹಡ್ಸನ್ ವೃತ್ತದಿಂದ ಎಂ.ಜಿ. ರಸ್ತೆ ಕಡೆಗೆ ಅಡ್ಡದಾರಿ ಹಿಡಿಯುವ ಕಾರುಗಳು.

ಹೆಸರಿನ ಕತೆ ಇನ್ನೂ ಸೊಗಸು. ಆಗ ಮೈಸೂರು ರಾಜ್ಯದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಕಮಿಷನರ್ ಸರ್ ರಿಚರ್ಡ್ ಜಾನ್ ಮೀಡ್ ಅವರ ಹೆಸರಲ್ಲಿ ಮೊದಲು 'ಮೀಡ್ಸ್ ಪಾರ್ಕ್'. ಆಮೇಲೆ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು ಅಂಟಿಕೊಂಡಿತು. ಕಬ್ಬನ್ 1861ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಪಾರ್ಕು ಹುಟ್ಟಿದ್ದು ಅದಾದ ಒಂಬತ್ತು ವರ್ಷಕ್ಕೆ. ತನ್ನ ಹೆಸರಿನ ತೋಟದಲ್ಲಿ ಅವರು ಒಂದು ದಿನವೂ ಕಾಲಿಡಲಿಲ್ಲ. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೆ, ಅವರ ತಂದೆಯ ನೆನಪಿಗೆ 'ಶ್ರೀ ಚಾಮರಾಜೇಂದ್ರ ಉದ್ಯಾನ' ಎಂದು ಅಧಿಕೃತ ಹೆಸರಾಯಿತು. ಸರ್ಕಾರಿ ಕಾಗದದಲ್ಲಿ ಇಂದಿಗೂ ಅದೇ. ಆಟೋದವರಿಗೆ ಹಾಗೆ ಹೇಳಿ ನೋಡಿ, 'ಅದೆಲ್ಲಿ ಬರುತ್ತೆ ಸಾರ್?' ಎನ್ನುತ್ತಾರೆ. ಮ್ಯಾಪಿನಲ್ಲೂ ಮಾತಿನಲ್ಲೂ ಕಬ್ಬನ್ ಪಾರ್ಕ್ ಎಂದೇ ಕೇಳಿ.

ಇನ್ನು ಒಳಕ್ಕೆ ಹೋಗುವ ಬಗೆ. ಕಾರು ತರಬೇಡಿ. ವಾರದ ದಿನ ಜಾಗ ಹುಡುಕುವುದರಲ್ಲೇ ಬೆಳಗಿನ ತಂಪು ಮುಗಿದಿರುತ್ತದೆ, ಭಾನುವಾರ ಒಳರಸ್ತೆಗಳೆಲ್ಲ ವಾಹನಕ್ಕೆ ಬಂದ್. ಎರಡನೇ ಮತ್ತು ನಾಲ್ಕನೇ ಶನಿವಾರದ ನಿಯಮವನ್ನು ಆಗಾಗ ಬದಲಿಸಿದ್ದಾರೆ, ಆ ದಿನ ಹೋಗುವುದಿದ್ದರೆ ವಿಚಾರಿಸಿಕೊಳ್ಳಿ. ನೇರಳೆ ಮಾರ್ಗದ ಮೆಟ್ರೊ ಪಾರ್ಕಿನ ಉತ್ತರದ ಅಂಚಿಗೇ ತಂದು ಬಿಡುತ್ತದೆ. ಇಲ್ಲಿ ಒಂದು ಗೊಂದಲ ಇದೆ. 'ಕಬ್ಬನ್ ಪಾರ್ಕ್' ನಿಲ್ದಾಣದಲ್ಲಿ ಇಳಿದರೆ ಚಿನ್ನಸ್ವಾಮಿ ಕ್ರೀಡಾಂಗಣ, ಮಿನ್ಸ್ಕ್ ಚೌಕದ ಕಡೆ ಮೇಲೆ ಬರುತ್ತೀರಿ. ಅಲ್ಲಿಂದ ಹತ್ತಿರ ಇರುವುದು ಟೆನಿಸ್ ಸ್ಟೇಡಿಯಂ, ಬಾಲಭವನ. ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಸರಿ. ಮರ ನೋಡಲು ಬಂದವರು ಒಂದು ನಿಲ್ದಾಣ ಆಚೆಯ 'ವಿಧಾನಸೌಧ'ದಲ್ಲಿ ಇಳಿಯುವುದು ವಾಸಿ. ಅಂಬೇಡ್ಕರ್ ಬೀದಿಯ ಹೈಕೋರ್ಟ್ ಬದಿಗೆ ಬಂದು, ಕೋರ್ಟಿನ ಆವರಣವನ್ನು ಬಳಸಿಕೊಂಡು ಹಿಂಭಾಗಕ್ಕೆ ಹೋದರೆ ಪಾರ್ಕಿನ ಹೃದಯಕ್ಕೇ ತಲಪುತ್ತೀರಿ. ಕೋರ್ಟಿನ ಆವರಣದ ಒಳಗಿಂದ ಹಾದು ಹೋಗುವ ಆಸೆ ಬೇಡ, ಕಾವಲಿರುತ್ತದೆ. ಪಾಲಿಕೆ ಕಚೇರಿ ಕಡೆಯಿಂದ ಬಸ್ಸಲ್ಲಿ ಬರುವವರಿಗೆ ಹಡ್ಸನ್ ವೃತ್ತದ ಗೇಟು, ಎಂ.ಜಿ. ರಸ್ತೆಯಿಂದ ನಡೆದು ಬರುವವರಿಗೆ ವಿಕ್ಟೋರಿಯಾ ರಾಣಿ ಪ್ರತಿಮೆಯ ಬಳಿಯ ಗೇಟು. ಕ್ರಿಕೆಟ್ ಪಂದ್ಯದ ದಿನ ಮಿನ್ಸ್ಕ್ ಚೌಕ, ರಾಣಿ ಪ್ರತಿಮೆ ಎರಡೂ ಕಡೆ ಸುಳಿಯದಿರುವುದು ಕ್ಷೇಮ.

ಎರಡು ಗಂಟೆ ಬಿಡುವಿದ್ದರೆ ಈ ಸುತ್ತು ಹಾಕಿ. ಅಠಾರಾ ಕಚೇರಿಯ ಬೆನ್ನ ಹಿಂದಿನಿಂದ ಶುರು ಮಾಡಿ. ಗಾರೆಯ ಗೋಡೆಗೆ ಬಳಿದ ಆ ಕಡುಗೆಂಪು, ಗ್ರೀಕ್ ಮಾದರಿಯ ಕಂಬಸಾಲು, ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ನೋಡಬೇಕು. 1956ರಲ್ಲಿ ವಿಧಾನಸೌಧ ಎದ್ದು ಸಚಿವಾಲಯ ಅಲ್ಲಿಗೆ ಹೋದ ಮೇಲೆ ಇದು ಹೈಕೋರ್ಟ್ ಆಯಿತು. ಎಂಬತ್ತರ ದಶಕದಲ್ಲಿ ಇದನ್ನು ಕೆಡವಿ ಹೊಸದು ಕಟ್ಟುವ ಮಾತೂ ನಡೆದಿತ್ತು, ಜನ ಬಿಡಲಿಲ್ಲ. ಅಲ್ಲಿಂದ ಸಾಲುರಸ್ತೆ ಹಿಡಿದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನದತ್ತ ನಡೆಯಿರಿ. ಭವನದ ಮುಂದಿನ ಗುಲಾಬಿ ತೋಟ, ಅದರ ಕೊನೆಗೆ ಅದೇ ಕೆಂಪಿನ ಭವನ. ಸ್ಯಾಂಕಿ ಕಾಲದ ನೇರ ಗೆರೆಯ ಯೋಜನೆ ಇಡೀ ಪಾರ್ಕಿನಲ್ಲಿ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಜಾಗ ಇದೊಂದೇ. ಗುಲಾಬಿಯ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ಸುತ್ತಲಿನ ದೊಡ್ಡ ಮರಗಳ ನೆರಳು ಬೀಳುವ ಕಡೆ ಗುಲಾಬಿ ಎಂದೂ ಕೊಬ್ಬಿ ಬೆಳೆಯುವುದಿಲ್ಲ. ಅದಕ್ಕೆ ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು. ಚಳಿಗಾಲದಲ್ಲಿ ಹೋದರೆ ಪರವಾಗಿಲ್ಲ.

ಭವನದ ಎದುರಿಗಿರುವುದು 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಪ್ರತಿಮೆ. 1913ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಅನಾವರಣ ಮಾಡಿದ್ದು. ಶಿವನಸಮುದ್ರದ ವಿದ್ಯುತ್ತು, ಹೆಸರಘಟ್ಟದಿಂದ ಊರಿಗೆ ಕುಡಿಯುವ ನೀರು, ಎರಡೂ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸಗಳು. ಭವನ ಕಟ್ಟಿದ್ದು 1915ರಲ್ಲಿ, ಈಗ ಅದು ರಾಜ್ಯ ಕೇಂದ್ರ ಗ್ರಂಥಾಲಯ. ಸೋಮವಾರ ಬಾಗಿಲು ಹಾಕಿರುತ್ತದೆ. ಒಳಗೆ ಎತ್ತರದ ಚಾವಣಿ, ಹಳೆಯ ಕಪಾಟು, ಪತ್ರಿಕೆ ಓದುವ ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಪಾರ್ಕಿಗೆ ಬಂದವರು ಈ ಮೆಟ್ಟಿಲು ಹತ್ತದೆ ಹಾಗೇ ಹೋಗುತ್ತಾರೆ, ಅದು ತಪ್ಪು. ಮಳೆ ಹಿಡಿದರೆ ನಿಲ್ಲಲು ಪಾರ್ಕಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಗ್ರಂಥಾಲಯದ ಆಸುಪಾಸಿನ ಬಿದಿರು ಮೆಳೆಗಳೇ ಇಡೀ ಪಾರ್ಕಿನ ತಿರುಳು. ಅವನ್ನು ನೋಡುವ ಕ್ರಮ ಒಂದಿದೆ. ಮೆಳೆಯ ಹೊರಗೆ ನಿಂತು ಫೋಟೊ ತೆಗೆದು ಹೊರಟರೆ ಏನೂ ಸಿಗದು, ಅದರ ಅಡಿಯ ದಾರಿಯಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಬೇಕು. ಆಗ ಗಳಕ್ಕೆ ಗಳ ತಿಕ್ಕುವ ಸದ್ದು, ಒಳಗೆ ಸುಳಿವ ಹಕ್ಕಿ, ಹೊರಗಿನ ಬಿಸಿಲಿಗೂ ಒಳಗಿನ ತಂಪಿಗೂ ಇರುವ ಅಂತರ ಗೊತ್ತಾಗುತ್ತದೆ. ಒಂದು ಬೇಸರದ ಸಂಗತಿ: ಕೈಗೆಟುಕುವ ಎತ್ತರದ ಗಳಗಳ ಮೇಲೆಲ್ಲ ಚಾಕುವಿನಿಂದ ಕೊರೆದ ಪ್ರೇಮಿಗಳ ಹೆಸರು. ಮರದ ತೊಗಟೆಯಾದರೆ ಗಾಯ ಕಾಲಕ್ರಮೇಣ ಮಾಯುತ್ತದೆ. ಬಿದಿರು ಹುಲ್ಲಿನ ಜಾತಿ. ಒಂದು ಗಳ ನೆಲದಿಂದ ಏಳುವಾಗ ಎಷ್ಟು ದಪ್ಪ ಇರುತ್ತದೋ ಕೊನೆಗೂ ಅಷ್ಟೇ, ಆಮೇಲೆ ದಪ್ಪವಾಗುವುದಿಲ್ಲ. ಹಾಗಾಗಿ ಕೊರೆದದ್ದು ಆ ಗಳ ಒಣಗುವವರೆಗೂ ಹಾಗೇ ಉಳಿಯುತ್ತದೆ, ಗಾಯದಿಂದ ನೀರಿಳಿದು ಕೊಳೆಯುವುದೂ ಉಂಟು. ಬಿದಿರಿಗೆ ಇನ್ನೊಂದು ಗುಣ. ಹತ್ತಾರು ವರ್ಷಕ್ಕೊಮ್ಮೆ ಮೆಳೆಗೆ ಮೆಳೆಯೇ ಹೂಬಿಟ್ಟು, ಅಕ್ಕಿ ಕಟ್ಟಿ, ಒಣಗುತ್ತದೆ. ಒಣಗಿದ ಗಳ ತೆಗೆಯಲು ತಡವಾದರೆ ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು. ನಾಲ್ಕು ವರ್ಷ ದಾಟಿದ ಗಳಗಳನ್ನು ನಡುವಿನಿಂದ ತೆಗೆಯುತ್ತಾ ಬರುವುದೇ ಮೆಳೆಯ ಆರೈಕೆ. ಕೆಲವು ಮೆಳೆಗಳಲ್ಲಿ ಈ ಕೆಲಸ ಹಿಂದೆ ಬಿದ್ದಿರುವುದು ಒಳಗೆ ಬಗ್ಗಿ ನೋಡಿದರೆ ತಿಳಿಯುತ್ತದೆ: ಬೂದು ಬಣ್ಣಕ್ಕೆ ತಿರುಗಿದ ಸತ್ತ ಗಳಗಳು ಹಸಿರಿನ ನಡುವೆ ಹೆಣೆದುಕೊಂಡು ನಿಂತಿರುತ್ತವೆ.

ಬಿದಿರಿನಾಚೆ ಬಂಡೆಗಳು. ಲಾಲ್‌ಬಾಗಿನ ಬಂಡೆಗೆ ಸಿಕ್ಕ ಹೆಸರು ಇವಕ್ಕೆ ಸಿಕ್ಕಿಲ್ಲ. ಕಲ್ಲಿನ ಜಾತಿ ಅದೇ, ದಕ್ಷಿಣದ ಪ್ರಸ್ಥಭೂಮಿಯ ಹಳೆಯ 'ನೈಸ್' (gneiss) ಎಂಬ ಶಿಲೆ. ಇಲ್ಲಿ ಅದು ಗುಂಡುಗುಂಡಾಗಿ ನೆಲದಿಂದ ಎದ್ದಿದೆ, ಸಂದುಗಳಲ್ಲಿ ಆಲ, ಅತ್ತಿ ಬೇರು ಬಿಟ್ಟಿವೆ. ಬೆಳಿಗ್ಗೆ ಪುಸ್ತಕ ಹಿಡಿದು ಕೂರಲು ಇದಕ್ಕಿಂತ ಜಾಗ ಬೇಡ. ಮಳೆ ಬಂದು ನಿಂತ ದಿನ ಮಾತ್ರ ಹತ್ತಬೇಡಿ, ಪಾಚಿ ಹಿಡಿದ ಮೈ ಸೋಪಿನ ಹಾಗೆ ಜಾರುತ್ತದೆ.

ಮರಗಳ ಲೆಕ್ಕ ಸುಮಾರು 6000, ಜಾತಿ ತೊಂಬತ್ತಕ್ಕೂ ಹೆಚ್ಚು ಎನ್ನುತ್ತಾರೆ. ಎಲ್ಲವನ್ನೂ ಗುರುತಿಸುವ ಹಟ ಬೇಡ. ಹತ್ತು ಮರ ಗೊತ್ತಿದ್ದರೆ ಮುಕ್ಕಾಲು ಪಾರ್ಕು ಗೊತ್ತಾದಂತೆ. ನಮ್ಮ ನೆಲದವು ಹೊಂಗೆ, ಅತ್ತಿ, ಆಲ, ಅರಳಿ, ನೇರಳೆ, ಹಲಸು, ಕಕ್ಕೆ, ಬೇವು. ಹೊರಗಿನಿಂದ ಬಂದವು ಸಾಲುಸಾಲಾಗಿ ನಿಂತ ಸಿಲ್ವರ್ ಓಕ್, ಮಹಾಗನಿ, ಗುಲ್‌ಮೊಹರ್, ಟಬೂಬಿಯಾ, ಮಳೆಮರ, ದೀಪಸ್ತಂಭದಂತೆ ನೆಟ್ಟಗೆ ಮೇಲೇರಿದ ಅರೌಕೇರಿಯಾ. ಆಸ್ಟ್ರೇಲಿಯಾದ ಕ್ಯಾಸ್ಟನೋಸ್ಪರ್ಮಮ್ ಕೂಡ ಇದೆ. ಅದರ ಹೂಗೊಂಚಲು ರೆಂಬೆಯ ತುದಿಯಲ್ಲಲ್ಲ, ಬಲಿತ ಕೊಂಬೆಯ ಮೈಮೇಲೇ ಬಿಡುತ್ತದೆ, ಎಲೆ ಮರೆಯಲ್ಲಿರುವುದರಿಂದ ತಲೆ ಎತ್ತಿ ಹುಡುಕಬೇಕು. ಸಿಲ್ವರ್ ಓಕ್ ಹೆಸರಿಗೆ ಓಕ್, ನಿಜಕ್ಕೂ ಓಕ್ ಅಲ್ಲ. ಎಲೆಯ ಅಡಿಭಾಗದ ಬೆಳ್ಳಿ ಬಣ್ಣದಿಂದ ಗುರುತಿಸಿ, ಗಾಳಿ ಬೀಸಿದಾಗ ಇಡೀ ಮರ ಮಿಣುಗುತ್ತದೆ. ಕೊಡಗಿನ ಕಾಫಿ ತೋಟ ಕಂಡವರಿಗೆ ಪರಿಚಯ ಮಾಡಿಕೊಡಬೇಕಿಲ್ಲ.

ಹೂವಿಗಾಗಿ ಹೋಗುವುದಾದರೆ ತಿಂಗಳು ನೋಡಿ ಹೋಗಿ. ಒಂದರ ಹಿಂದೆ ಒಂದು ಹೂಬಿಡುವಂತೆ ಮರ ಆರಿಸಿ ನೆಡುವ ಪದ್ಧತಿಯನ್ನು ಬೆಂಗಳೂರಿಗೆ ಕಲಿಸಿದವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್. ಡಿಸೆಂಬರ್–ಜನವರಿಗೆ ಗುಲಾಬಿ ಬಣ್ಣದ ಟಬೂಬಿಯಾ. ಫೆಬ್ರುವರಿ–ಮಾರ್ಚಿಗೆ ಹಳದಿಯದು, ಎಲೆಯೇ ಇಲ್ಲದ ಮರದ ತುಂಬ ಹೂ, ಆದರೆ ಒಂದೊಂದು ಮರಕ್ಕೆ ಅದು ಹತ್ತು ಹನ್ನೆರಡು ದಿನದ ಹಬ್ಬ ಅಷ್ಟೇ. ಯುಗಾದಿ ಸುಮಾರಿಗೆ ಹೊಂಗೆ ಚಿಗುರುತ್ತದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರನ್ನು ಕೇಳಿದರೆ ಟಬೂಬಿಯಾಕ್ಕಿಂತ ಆ ಹೊಳೆವ ಎಳೆಹಸಿರೇ ಮೇಲು ಎಂದಾರು, ನಮ್ಮ ಮತವೂ ಅದೇ. ಹೊಂಗೆಯ ಹೂ ಉದುರಿ ನೆಲ ಅಕ್ಕಿ ಹುಡಿ ಚೆಲ್ಲಿದ ಹಾಗಾಗುವುದೂ ಆಗಲೇ. ಮಾರ್ಚ್–ಏಪ್ರಿಲಿಗೆ ಜಕರಂಡಾದ ನೀಲಿ, ಏಪ್ರಿಲ್–ಮೇಗೆ ಕಕ್ಕೆ, ಗುಲ್‌ಮೊಹರ್. ಜೂನ್‌ನಿಂದ ನವೆಂಬರ್‌ವರೆಗೆ ಹೂವಿನ ಆಸೆ ಬಿಟ್ಟು ಹಸಿರಿಗಾಗಿ ಹೋಗಬೇಕು.

ಮರ ಬೀಳುವ ಕಾಲವೂ ಏಪ್ರಿಲ್–ಮೇ. ಮುಂಗಾರಿಗೆ ಮುಂಚಿನ ಸಂಜೆ ಮಳೆ ಗಾಳಿಯೊಂದಿಗೆ ಬರುತ್ತದೆ. ಗುಲ್‌ಮೊಹರ್‌ನ ಬೇರು ಅಗಲಕ್ಕೆ ಹರಡುತ್ತದೆಯೇ ಹೊರತು ಆಳಕ್ಕಿಳಿಯದು, ಮರದ ತಲೆ ಛತ್ರಿಯಂತೆ ಅಗಲ. ರಸ್ತೆ ಬದಿಯಲ್ಲಿ ಕೇಬಲ್ಲಿಗೋ ಚರಂಡಿಗೋ ಅಗೆದು ಒಂದು ಬದಿಯ ಬೇರು ಕಡಿದಿದ್ದರೆ, ಬುಡದವರೆಗೂ ಕಾಂಕ್ರೀಟ್ ಹಾಕಿದ್ದರೆ, ನೆಂದ ಮಣ್ಣಿನಲ್ಲಿ ಅದು ಬೇರುಸಮೇತ ಮಗುಚುತ್ತದೆ. ಸಿಲ್ವರ್ ಓಕ್ ಹಾಗೆ ಬೀಳುವುದು ಕಡಿಮೆ, ಆದರೆ ಅದರ ಕೊಂಬೆ ಪೆಡಸು, ತಟ್ಟನೆ ಮುರಿಯುತ್ತದೆ. ಮೋಡ ಕವಿದು ಗಾಳಿ ಎದ್ದರೆ ಸಾಲುಮರದ ಕೆಳಗೆ ನಿಲ್ಲಬೇಡಿ, ನಿಲ್ಲಿಸಿದ ಕಾರಿನೊಳಗೂ ಕೂರಬೇಡಿ. ಹತ್ತಿರದ ಕಟ್ಟಡ ಸೇರಿಕೊಳ್ಳಿ. ಎತ್ತರದ ಕೊಂಬೆಗಳಲ್ಲಿ ಹೆಜ್ಜೇನು ಗೂಡು ಕಟ್ಟುವುದೂ ಈ ದಿನಗಳಲ್ಲೇ. ಹೊಗೆ, ಪಟಾಕಿ, ಕಲ್ಲೆಸೆತ ಇವು ಯಾವುದೂ ಅದರ ಬಳಿ ಸಲ್ಲ.

ಸುತ್ತು ಮುಂದುವರಿಸೋಣ. ಬಂಡೆಗಳ ಕಡೆಯಿಂದ ಬ್ಯಾಂಡ್ ಸ್ಟ್ಯಾಂಡಿಗೆ ಬನ್ನಿ. ಎಂಟು ಮೂಲೆಯ, ಎರಕದ ಕಬ್ಬಿಣದ ಚಿಕ್ಕ ಮಂಟಪ. ಬ್ರಿಟಿಷ್ ಕಾಲದಲ್ಲಿ ಇಲ್ಲಿ ಸೇನೆಯ ವಾದ್ಯಮೇಳ ನುಡಿಸುತ್ತಿತ್ತು. ಈಗಲೂ ಆಗೊಮ್ಮೆ ಈಗೊಮ್ಮೆ ಕಾರ್ಯಕ್ರಮ ನಡೆಯುತ್ತದೆ. ಹತ್ತಿರದಲ್ಲೇ ಕುದುರೆ ಏರಿದ ಮಾರ್ಕ್ ಕಬ್ಬನ್, ಶಿಲ್ಪಿ ಮರೊಚೆಟ್ಟಿ ಮಾಡಿದ್ದು. ಈ ಪ್ರತಿಮೆ ಮೊದಲು ಪರೇಡ್ ಮೈದಾನದಲ್ಲಿತ್ತು, ಆಮೇಲೆ ಬಹುಕಾಲ ಹೈಕೋರ್ಟ್ ಮುಂದೆ, 2020ರಲ್ಲಿ ಪಾರ್ಕಿನೊಳಕ್ಕೆ. ನೂರೈವತ್ತು ವರ್ಷ ಕಳೆದು ಕೊನೆಗೂ ಕಬ್ಬನ್ ಕಬ್ಬನ್ ಪಾರ್ಕಿಗೆ ಬಂದರು! ಇನ್ನು ವಿಕ್ಟೋರಿಯಾ ರಾಣಿಯದು ಅಮೃತಶಿಲೆ, ಥಾಮಸ್ ಬ್ರಾಕ್ ಕೆತ್ತಿದ್ದು. 1906ರ ಫೆಬ್ರುವರಿ 5ರಂದು ಆಗಿನ ವೇಲ್ಸ್ ರಾಜಕುಮಾರ, ಮುಂದೆ ಐದನೇ ಜಾರ್ಜ್, ಅನಾವರಣ ಮಾಡಿದ್ದು. ಅದು ನಿಂತಿರುವುದು ದಂಡಿನ ಕಡೆ ಅಂಚಿನಲ್ಲಿ. ಊರಿನ ಎರಡು ಹೋಳುಗಳ ಗಡಿ ಎಲ್ಲಿತ್ತೆಂದು ಯಾರಾದರೂ ಕೇಳಿದರೆ ಬೆರಳು ಮಾಡಿ ತೋರಿಸಲು ಅದೇ ಸಾಕು.

ಪೇಟೆಯ ಕಡೆಯ ಗುರುತೂ ಉಂಟು, ಅದನ್ನು ತೋರಿಸುವವರು ಕಡಿಮೆ. ಪಾರ್ಕಿನ ದಕ್ಷಿಣಕ್ಕೆ ಈಗ ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆ ಇತ್ತು. ಕೆರೆ ಹೋದರೂ ಕರಗದ ವಿಧಿಗಾಗಿ ಒಂದು ಚಿಕ್ಕ ಕುಂಟೆ ಉಳಿಸಿದ್ದಾರೆ. ತಿಗಳರ ಪೇಟೆಯ ಧರ್ಮರಾಯ ದೇವಸ್ಥಾನದ ಕರಗ ಚೈತ್ರ ಹುಣ್ಣಿಮೆಗೆ. ಅದರ ಹಿಂದಿನ ದಿನಗಳ ಪೂಜೆಗಳಿಗೆ ಇಂಥ ನೀರಿನ ತಾಣಗಳು ಬೇಕೇ ಬೇಕು. ಸಾಹೇಬರು ಗೆರೆ ಎಳೆದು ಪಾರ್ಕು ಹಾಕುವ ಮುಂಚೆಯೇ ಈ ನೆಲಕ್ಕೆ ಬೇರೆ ನಕ್ಷೆಯೊಂದು ಇತ್ತು ಎನ್ನುವುದು ಇಂಥ ಕಡೆ ತಿಳಿಯುತ್ತದೆ.

ಕಸ್ತೂರಬಾ ರಸ್ತೆಯ ಬದಿಗೆ ಮ್ಯೂಸಿಯಂಗಳು. ಮೂರನ್ನೂ ಒಂದೇ ದಿನ ನೋಡುವ ಸಾಹಸ ಬೇಡ. ಸರ್ಕಾರಿ ವಸ್ತುಸಂಗ್ರಹಾಲಯ 1865ರದು, ವೈದ್ಯ ಎಡ್ವರ್ಡ್ ಬಾಲ್ಫರ್ ಒತ್ತಾಸೆಯಿಂದ ಹುಟ್ಟಿದ್ದು. ಮೊದಲು ಇದ್ದ ಜಾಗದ ರಸ್ತೆಗೆ ಇಂದಿಗೂ ಮ್ಯೂಸಿಯಂ ರಸ್ತೆ ಎಂದೇ ಹೆಸರು. 1877ರಲ್ಲಿ ಸ್ಯಾಂಕಿ ಕಟ್ಟಿಸಿದ ಕೆಂಪು ಕಟ್ಟಡಕ್ಕೆ ಬಂತು. ಇಲ್ಲಿ ಒಂದೇ ಒಂದು ಕಲ್ಲು ನೋಡುವುದಿದ್ದರೆ ಆತಕೂರಿನ ಶಾಸನ ನೋಡಿ. ಕ್ರಿ.ಶ. 949ರದು, ಮಂಡ್ಯ ಜಿಲ್ಲೆಯದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಕೃಷ್ಣ, ಗಂಗ ಬೂತುಗ ಸೇರಿ ಚೋಳರನ್ನು ಸೋಲಿಸಿದ ಸುದ್ದಿ ಅದರಲ್ಲಿದೆ. ಜೊತೆಗೆ ಕಾಳಿ ಎಂಬ ನಾಯಿಯ ಸುದ್ದಿಯೂ ಇದೆ. ಬೂತುಗನ ವೀರ ಮಣಲೆರ ಬಹುಮಾನವಾಗಿ ಆ ನಾಯಿಯನ್ನೇ ಕೇಳಿ ಪಡೆದ. ಅದು ಕಾಡುಹಂದಿಯೊಂದಿಗೆ ಕಾದಾಡಿ, ಹಂದಿ ನಾಯಿ ಎರಡೂ ಸತ್ತವು. ಕಲ್ಲಿನ ಮೇಲೆ ಆ ಕಾಳಗದ ಚಿತ್ರವೇ ಕೆತ್ತಿದೆ. ಸೋಮವಾರ ರಜೆ, ಸರ್ಕಾರಿ ರಜೆಗಳಂದೂ ಇಲ್ಲ. ದುರಸ್ತಿಗೆಂದು ಕೆಲವು ಕೋಣೆ ಮುಚ್ಚಿರುವುದೂ ಉಂಟು, ಅದಕ್ಕಾಗಿಯೇ ದೂರದಿಂದ ಬರುವವರು ಫೋನ್ ಮಾಡಿ ಹೊರಡಿ. ಪಕ್ಕದ ವೆಂಕಟಪ್ಪ ಚಿತ್ರಶಾಲೆಯಲ್ಲಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರಗಳೂ ಗಾರೆಯ ಉಬ್ಬುಶಿಲ್ಪಗಳೂ ಇವೆ. ಅವು ಚಿಕ್ಕವು, ಹತ್ತಿರ ಹೋಗಿ ನೋಡಬೇಕು.

ಮಕ್ಕಳಿದ್ದರೆ ಮಾತೇ ಇಲ್ಲ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ. ಕಟ್ಟಡದ ಉದ್ಘಾಟನೆ 1962ರಲ್ಲಿ ನೆಹರೂ ಅವರಿಂದ. ಇಲ್ಲಿಗೆ ಅರ್ಧ ದಿನ ಎತ್ತಿಡಿ. ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡುವಂಥವು ಹೆಚ್ಚು. ಶಾಲಾ ಪ್ರವಾಸದ ಕಾಲದಲ್ಲಿ, ನವೆಂಬರ್‌ನಿಂದ ಜನವರಿಯವರೆಗೆ, ಹನ್ನೊಂದರಿಂದ ಎರಡರ ತನಕ ಒಂದೊಂದು ಗುಂಡಿಗೂ ಸಾಲು ನಿಂತಿರುತ್ತದೆ. ತೆರೆಯುವ ಹೊತ್ತಿಗೇ ಹೋಗಿ. ಬಾಲಭವನದ ಪುಟಾಣಿ ರೈಲು ಆರು ವರ್ಷದೊಳಗಿನವರಿಗೆ ಚೆನ್ನ, ಅದಕ್ಕಿಂತ ದೊಡ್ಡವರು ಎರಡನೇ ಸುತ್ತಿಗೆ ಆಕಳಿಸುತ್ತಾರೆ.

ಸೌಕರ್ಯಗಳ ವಿಷಯಕ್ಕೆ ಬಂದರೆ ಅಂಕ ಕೊಡುವ ಕೈ ಬಿಗಿಯಾಗುತ್ತದೆ. ಶೌಚಾಲಯ ಕಡಿಮೆ, ಇರುವವು ದೂರ ದೂರ. ಬಿದಿರು ಮೆಳೆಯ ಸುತ್ತಮುತ್ತ ಅಡ್ಡಾಡುವ ಹಿರಿಯರು ಒಳಹೊಗುವ ಮೊದಲೇ ಮೆಟ್ರೊ ನಿಲ್ದಾಣದಲ್ಲಿ ಮುಗಿಸಿಕೊಳ್ಳುವುದು ಜಾಣತನ. ಕುಡಿಯುವ ನೀರು ಒಂದು ಲೀಟರಾದರೂ ಜೊತೆಗಿರಲಿ. ದಾರಿ ಫಲಕಗಳಿವೆ, ಆದರೆ ಸರಿಯಾದ ಕವಲಿನಲ್ಲಿ ಇಲ್ಲ. ಮರಗಳ ಹೆಸರಿನ ಪಟ್ಟಿ ಕೆಲವಕ್ಕೆ ಮಾತ್ರ, ಅದರಲ್ಲೂ ಸಸ್ಯಶಾಸ್ತ್ರದ ಹೆಸರೇ ಎದ್ದು ಕಾಣುವಂತಿದೆ. ಹೊಂಗೆಗೆ ಹೊಂಗೆ ಎಂದು ದೊಡ್ಡ ಅಕ್ಷರದಲ್ಲಿ ಬರೆದರೆ ಯಾರ ಗಂಟು ಹೋಗುತ್ತದೆ? ಬೆಂಚುಗಳು ಬೇಕಾದಷ್ಟಿವೆ, ಆ ಮಟ್ಟಿಗೆ ದೂರಿಲ್ಲ. ಗಾಲಿ ಕುರ್ಚಿಯವರಿಗೆ ಡಾಂಬರು ರಸ್ತೆ, ಹೊಸದಾಗಿ ಹಾಸಿದ ನಡೆಹಾದಿ ಪರವಾಗಿಲ್ಲ, ಭಾನುವಾರ ಇನ್ನೂ ನಿರಾಳ. ಮಣ್ಣಿನ ಒಳದಾರಿಗಳು ಮಾತ್ರ ಬೇರು, ಕಲ್ಲುಗಳಿಂದಾಗಿ ಆಗದು. ಆ ಕಲ್ಲುಹಾಸಿನ ಬಗ್ಗೆ ಒಂದು ತಕರಾರು: ಮಣ್ಣಿನ ಹಾದಿಯಲ್ಲಿ ಮಳೆ ಇಂಗುತ್ತಿತ್ತು, ಹಾಸಿನ ಮೇಲೆ ಅದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಓಡುವವರ ಮೊಣಕಾಲಿಗೂ ಮಣ್ಣೇ ಹಿತ.

ಒಳಗೆ ಹೋಟೆಲು ಇಲ್ಲ, ಇರಬಾರದು ಕೂಡ. ಹುಲ್ಲಿನ ಮೇಲೆ ಡಬ್ಬಿ ಬಿಚ್ಚಿ ಊಟಕ್ಕೆ ಕೂತರೆ ಸಿಬ್ಬಂದಿ ಬಂದು ಎಬ್ಬಿಸುವುದುಂಟು. ಅದು ಕಿರುಕುಳವಲ್ಲ: ಚೆಲ್ಲಿದ ಅನ್ನಕ್ಕೆ ಇಲಿ, ಇಲಿ ಹಿಂದೆ ಹಾವು, ಮಿಕ್ಕದ್ದಕ್ಕೆ ಬೀದಿನಾಯಿ. ಗೇಟಿನ ಹೊರಗೆ ಎಳನೀರು, ಚುರುಮುರಿ, ಮಸಾಲೆ ಸವರಿದ ಸೌತೆಕಾಯಿ ಸಿಗುತ್ತವೆ. ಕೂತು ಕಾಫಿ ಕುಡಿಯಲು ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ತನಕ ನಡೆದು ಹೋಗಬಹುದು. ಕ್ಯಾಮೆರಾ ಸ್ಟ್ಯಾಂಡು, ದೀಪ, ಮದುವೆಗೆ ಮುಂಚಿನ ಉಡುಪು ಎಲ್ಲ ಹೊತ್ತು ತಂದು ಚಿತ್ರೀಕರಣ ಮಾಡುವವರು ತೋಟಗಾರಿಕೆ ಇಲಾಖೆಯ ಅನುಮತಿ ಪಡೆಯಬೇಕು. ನಾಯಿಗೆ ಹಗ್ಗ ಕಡ್ಡಾಯ. ಸಂಜೆ ಐದೂವರೆಯ ಮೇಲೆ ಕುಂಟೆ, ಬಿದಿರಿನ ಕಡೆ ಸೊಳ್ಳೆ ಕಾಟ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ.

ವಾಹನ ಬಿಡಬೇಕೆ ಬೇಡವೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಪಾರ್ಕಿನ ನೆಲ ಕಾಯ್ದುಕೊಳ್ಳಲೆಂದೇ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಇದೆ. 1998ರಲ್ಲಿ ಒಂದು ಭಾಗವನ್ನು ಅದರ ರಕ್ಷಣೆಯಿಂದ ಹೊರಗಿಡಲು ಸರ್ಕಾರ ಹೊರಟಾಗ ಊರಿನ ಜನ ಬೀದಿಗಿಳಿದರು, ಕೋರ್ಟಿನ ಮೆಟ್ಟಿಲೂ ಹತ್ತಿದರು. ನೆಲಕ್ಕಾದರೂ ಕಾಯ್ದೆಯ ಕಾವಲಿದೆ, ರಸ್ತೆಗೆ ಇಲ್ಲ. ವಾರದ ದಿನ ಬೆಳಿಗ್ಗೆ ಒಂಬತ್ತರ ಮೇಲೆ ಸಾಲುರಸ್ತೆಯಲ್ಲಿ ಹಾರನ್ನು ಶುರುವಾದರೆ ಕುಟ್ರುಹಕ್ಕಿಯ ಸದ್ದು ಅಡಗಿಬಿಡುತ್ತದೆ. ಭಾನುವಾರ ವಾಹನ ಇಲ್ಲ, ಆದರೆ ಸೈಕಲ್ಲು, ಸ್ಕೇಟಿಂಗ್ ಮಕ್ಕಳು, ಯೋಗದ ಗುಂಪು, ಸಾವಿರಾರು ಜನ. ಶನಿವಾರ ಬೆಳಿಗ್ಗೆ 'ಕಬ್ಬನ್ ರೀಡ್ಸ್' ಎಂಬ ಬಳಗದವರು ಚಾಪೆ ಹಾಸಿಕೊಂಡು ಮಾತಿಲ್ಲದೆ ಓದುತ್ತಾ ಕೂರುತ್ತಾರೆ. ಯಾರು ಬೇಕಾದರೂ ಪುಸ್ತಕ ತಂದು ಪಕ್ಕದಲ್ಲಿ ಕೂರಬಹುದು, ಕನ್ನಡ ಪುಸ್ತಕ ಹಿಡಿದವರು ಇನ್ನಷ್ಟು ಜನ ಬಂದರೆ ಸಂತೋಷ.

ನಡಿಗೆ, ಮರ, ಹಕ್ಕಿಗೆ ಐದಕ್ಕೆ ನಾಲ್ಕೂವರೆ. ಕಟ್ಟಡ, ಚರಿತ್ರೆಗೆ ನಾಲ್ಕು. ಸೌಕರ್ಯಕ್ಕೆ ಎರಡು, ಅದೂ ಬೆಂಚುಗಳ ದಯೆಯಿಂದ. ಒಂದೇ ಸಲ ಹೋಗುವ ಅವಕಾಶ ಇರುವವರು ಮಾರ್ಚ್ ಕೊನೆಯ ವಾರ, ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿಕೊಳ್ಳಿ. ಆರೂವರೆಗೆ ವಿಧಾನಸೌಧ ನಿಲ್ದಾಣ, ಎಂಟೂವರೆಯೊಳಗೆ ಬಿದಿರು ಮತ್ತು ಬಂಡೆ ಮುಗಿಸಿ ಹೊರಗೆ ಬಂದು ತಿಂಡಿ. ಗ್ರಂಥಾಲಯ, ಮ್ಯೂಸಿಯಂ ತೆರೆಯುವ ಹೊತ್ತಿಗೆ ಕಸ್ತೂರಬಾ ರಸ್ತೆಯ ಕಡೆಯಿಂದ ಮತ್ತೆ ಒಳಗೆ ಬನ್ನಿ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಮಳೆಮರದ ಎಲೆಗಳನ್ನು ಗಮನಿಸಿ, ಬೆಳಕು ಕುಂದಿದ ಹಾಗೆ ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಮೆಟ್ರೊ ಕಡೆಗೆ ಹೆಜ್ಜೆ ಹಾಕಲು ಅದೇ ಸೂಚನೆ.